ದುಡ್ಡಿದ್ದರೂ ಬಾಗಿಲು ಮುಚ್ಚುವ ಸರ್ಕಾರ: ಅಮೆರಿಕದ ಶಟ್‌ಡೌನ್ ಹಿಂದಿನ ಪಕ್ಷ ರಾಜಕೀಯ

2025ರ ಅಕ್ಟೋಬರ್ 1ರಿಂದ ನವೆಂಬರ್ 12ರವರೆಗೆ, 43 ದಿನ, ಅಮೆರಿಕದ ಕೇಂದ್ರ ಸರ್ಕಾರದ ಎಷ್ಟೋ ಕಚೇರಿಗಳು ಬಾಗಿಲು ಹಾಕಿದ್ದವು. ಅಷ್ಟು ದೀರ್ಘ ಶಟ್‌ಡೌನ್ ಆ ದೇಶದಲ್ಲಿ ಹಿಂದೆಂದೂ ಆಗಿರಲಿಲ್ಲ. ಅದು ಮುಗಿದು ಮೂರು ತಿಂಗಳೂ ಕಳೆಯಲಿಲ್ಲ, 2026ರ ಜನವರಿ 31ಕ್ಕೆ ಮತ್ತೆ ಕೆಲವು ಇಲಾಖೆಗಳಿಗೆ ಹಣ ನಿಂತಿತು. ಫೆಬ್ರವರಿ 3ಕ್ಕೆ ಅದು ಬಗೆಹರಿಯಿತು. ಆದರೆ ಫೆಬ್ರವರಿ 14ರಿಂದ ಗೃಹ ಭದ್ರತಾ ಇಲಾಖೆಯೊಂದಕ್ಕೆ ಮತ್ತೆ ಹಣ ಸಿಗದಂತಾಯಿತು.

ಈ ಸುದ್ದಿ ಓದಿದ ನಮ್ಮವರಿಗೆ ತಲೆಬುಡ ಗೊತ್ತಾಗದಿರುವುದು ಸಹಜ. ಅಧ್ಯಕ್ಷರು ರಿಪಬ್ಲಿಕನ್ ಪಕ್ಷದವರು. ಸಂಸತ್ತಿನ ಎರಡೂ ಸದನಗಳಲ್ಲಿ ಅದೇ ಪಕ್ಷಕ್ಕೆ ಬಹುಮತ. 2025ರ ಜುಲೈನಲ್ಲಿ ಭಾರಿ ತೆರಿಗೆ ಕಾಯ್ದೆಯನ್ನು ಅದೇ ಪಕ್ಷ ಒಬ್ಬಂಟಿಯಾಗಿ ಪಾಸ್ ಮಾಡಿಕೊಂಡಿತ್ತು. ಹಾಗಿದ್ದ ಮೇಲೆ, ಏಳು ವಾರದ ಖರ್ಚಿಗೆ ಒಪ್ಪಿಗೆ ಕೊಡುವ ಸಣ್ಣ ಮಸೂದೆ ಯಾಕೆ ಪಾಸಾಗಲಿಲ್ಲ? ವಿರೋಧ ಪಕ್ಷ ಅದನ್ನು ಹೇಗೆ ತಡೆಯಿತು? ತಡೆದು ಏನು ಸಾಧಿಸಿತು?

ಖಜಾನೆಯಲ್ಲಿ ಹಣ ಇದೆ, ಒಪ್ಪಿಗೆ ಇಲ್ಲ

ಮೊದಲು ಒಂದು ವಿಷಯ ಸ್ಪಷ್ಟವಾಗಬೇಕು. ಶಟ್‌ಡೌನ್ ಅಂದರೆ ಸರ್ಕಾರದ ಬಳಿ ಹಣ ಖಾಲಿಯಾಗಿದೆ ಅಂತಲ್ಲ. ತೆರಿಗೆ ಬರುತ್ತಲೇ ಇರುತ್ತದೆ, ಸಾಲವೂ ಹುಟ್ಟುತ್ತಲೇ ಇರುತ್ತದೆ. ಇಲ್ಲದಿರುವುದು ಖರ್ಚು ಮಾಡಲು ಸಂಸತ್ತಿನ ಒಪ್ಪಿಗೆ. ಇಬ್ಬರ ಸಹಿ ಬೇಕಾದ ಬ್ಯಾಂಕ್ ಖಾತೆಯಲ್ಲಿ ಎಷ್ಟೇ ದುಡ್ಡಿರಲಿ, ಒಬ್ಬರು ಸಹಿ ಹಾಕದಿದ್ದರೆ ಚೆಕ್ ಪಾಸಾಗುವುದಿಲ್ಲ ಅಲ್ವಾ, ಹಾಗೆ.

ಅಮೆರಿಕದ ಹಣಕಾಸು ವರ್ಷ ಅಕ್ಟೋಬರ್ 1ಕ್ಕೆ ಶುರುವಾಗುತ್ತದೆ. ಅಷ್ಟರೊಳಗೆ 12 ಖರ್ಚಿನ ಮಸೂದೆಗಳು ಪಾಸಾಗಬೇಕು. ರಕ್ಷಣೆಗೆ ಒಂದು, ಕೃಷಿಗೆ ಒಂದು, ಸಾರಿಗೆಗೆ ಒಂದು, ಹೀಗೆ. ಈಗಿನ ಪದ್ಧತಿ 1970ರ ದಶಕದಲ್ಲಿ ಬಂತು. ಅಲ್ಲಿಂದ ಇಲ್ಲಿಯವರೆಗೆ ಎಲ್ಲ ಮಸೂದೆಗಳೂ ಸಮಯಕ್ಕೆ ಸರಿಯಾಗಿ ಪಾಸಾಗಿದ್ದು ನಾಲ್ಕೇ ಸಲ. ಕೊನೆಯದು 1996ರಲ್ಲಿ. ಉಳಿದ ವರ್ಷಗಳೆಲ್ಲ ಹಳೆಯ ಮಟ್ಟದಲ್ಲೇ ಖರ್ಚು ಮುಂದುವರಿಸುವ ತಾತ್ಕಾಲಿಕ ಮಸೂದೆಯ ಮೇಲೆ ನಡೆದಿವೆ. ಆ ತಾತ್ಕಾಲಿಕ ಮಸೂದೆಯೂ ಬಿದ್ದುಹೋದರೆ ಶಟ್‌ಡೌನ್.

ಹಾಗಂತ ಎಲ್ಲವೂ ನಿಲ್ಲುವುದಿಲ್ಲ. ಹಿರಿಯರ ಪಿಂಚಣಿ, ಹಿರಿಯರ ಆರೋಗ್ಯ ವಿಮೆ, ಸಾಲದ ಮೇಲಿನ ಬಡ್ಡಿ ಇವೆಲ್ಲ ಕಾಯಂ ಕಾನೂನಿನಡಿ ನಡೆಯುತ್ತವೆ. ವರ್ಷವರ್ಷ ಒಪ್ಪಿಗೆ ಪಡೆಯಬೇಕಾದದ್ದು ಒಟ್ಟು ಖರ್ಚಿನ ಕಾಲು ಭಾಗದಷ್ಟು ಮಾತ್ರ. ಆದರೆ ಸರ್ಕಾರಿ ನೌಕರರ ಸಂಬಳದ ಬಹುಪಾಲು ಬರುವುದು ಆ ಕಾಲು ಭಾಗದಿಂದಲೇ.

1980ರ ಒಂದು ಕಾನೂನು ಅಭಿಪ್ರಾಯ

ಅಮೆರಿಕದ ಸಂವಿಧಾನದಲ್ಲಿ ಎಲ್ಲೂ 'ಶಟ್‌ಡೌನ್' ಅಂತ ಬರೆದಿಲ್ಲ. 1980ಕ್ಕೆ ಮುಂಚೆಯೂ ಮಸೂದೆಗಳು ತಡವಾಗುತ್ತಿದ್ದವು. 1978ರಲ್ಲಿ 17 ದಿನ ಖರ್ಚಿಗೆ ಒಪ್ಪಿಗೆಯೇ ಇರಲಿಲ್ಲ. ಆದರೂ ಕಚೇರಿಗಳು ತೆರೆದಿದ್ದವು. ಇವತ್ತಲ್ಲ ನಾಳೆ ಒಪ್ಪಿಗೆ ಬರುತ್ತದೆ ಅನ್ನುವ ನಂಬಿಕೆಯ ಮೇಲೆ ಅಧಿಕಾರಿಗಳು ಕೆಲಸ ಮುಂದುವರಿಸುತ್ತಿದ್ದರು.

1980ರಲ್ಲಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಅವರ ಅಟಾರ್ನಿ ಜನರಲ್ ಆಗಿದ್ದ ಬೆಂಜಮಿನ್ ಸಿವಿಲೆಟಿ ಒಂದು ಅಭಿಪ್ರಾಯ ಕೊಟ್ಟರು. ಒಪ್ಪಿಗೆ ಇಲ್ಲದೆ ಖರ್ಚು ಮಾಡಬಾರದು ಎಂಬ 19ನೇ ಶತಮಾನದ ಕಾನೂನನ್ನು ಅಕ್ಷರಶಃ ಪಾಲಿಸಬೇಕು, ಒಪ್ಪಿಗೆ ಇಲ್ಲದ ಕಚೇರಿ ಮುಚ್ಚಲೇಬೇಕು ಅಂದರು. ಜೀವ ಮತ್ತು ಆಸ್ತಿ ರಕ್ಷಣೆಯ ಕೆಲಸಕ್ಕೆ ವಿನಾಯಿತಿ ಇದೆ ಅಂತ ಮುಂದಿನ ವರ್ಷ ಸೇರಿಸಿದರು.

ಇದರ ಪರಿಣಾಮವನ್ನು ನಿಧಾನವಾಗಿ ನೋಡಬೇಕು. ಅಲ್ಲಿಯವರೆಗೆ ಬಜೆಟ್ ತಡವಾದರೆ ಅದು ಸಂಸತ್ತಿನ ಸೋಮಾರಿತನ ಅನ್ನಿಸಿಕೊಳ್ಳುತ್ತಿತ್ತು. ಅಲ್ಲಿಂದಾಚೆ ತಡವಾದರೆ ಸಾಮಾನ್ಯ ಜನರಿಗೆ ನೇರವಾಗಿ ಪೆಟ್ಟು. ಜನರಿಗೆ ಪೆಟ್ಟು ಬಿದ್ದರೆ ಆಳುವವರ ಮೇಲೆ ಒತ್ತಡ. ಒತ್ತಡ ಬರುತ್ತದೆ ಅಂದಮೇಲೆ ತಡ ಮಾಡುವುದೇ ಒಂದು ಅಸ್ತ್ರವಾಯಿತು. ಕಾನೂನನ್ನು ಕಟ್ಟುನಿಟ್ಟಾಗಿ ಓದಿದ್ದು ತಪ್ಪು ಅಂತ ಹೇಳಲಾಗದು. ಆದರೆ ಒಪ್ಪಿಗೆ ತಪ್ಪಿದಾಗ ಏನಾಗಬೇಕು ಎಂಬುದಕ್ಕೆ ಸಂಸತ್ತು ಬೇರೆ ದಾರಿ ಮಾಡಿಕೊಡಲಿಲ್ಲ. ಈ ಸಮಸ್ಯೆಯ ಬೇರು ಇರುವುದು ಅಲ್ಲೇ.

53 ಇದ್ದರೂ 60 ಬೇಕು

ಸಂಸತ್ತಿನ ಮೇಲ್ಮನೆಯಾದ ಸೆನೆಟ್‌ನಲ್ಲಿ 100 ಸದಸ್ಯರು. ರಿಪಬ್ಲಿಕನ್ನರು 53. ನಮ್ಮ ಲೆಕ್ಕದಲ್ಲಿ ಅದು ಬಹುಮತ. ಆದರೆ ಸೆನೆಟ್ ನಿಯಮದ ಪ್ರಕಾರ ಚರ್ಚೆ ಮುಗಿಸಿ ಮಸೂದೆಯನ್ನು ಮತಕ್ಕೆ ಹಾಕಲು 60 ಜನ ಒಪ್ಪಬೇಕು. ಅಷ್ಟು ಜನ ಒಪ್ಪದಂತೆ ನೋಡಿಕೊಂಡು ಮಸೂದೆ ತಡೆಯುವುದನ್ನು ಫಿಲಿಬಸ್ಟರ್ ಅನ್ನುತ್ತಾರೆ. ಹಾಗಾಗಿ ಖರ್ಚಿನ ಮಸೂದೆಗೆ ವಿರೋಧ ಪಕ್ಷದ ಕೆಲವರಾದರೂ ಕೈ ಎತ್ತಲೇಬೇಕು.

ಹಾಗಾದರೆ ಜುಲೈನ ತೆರಿಗೆ ಕಾಯ್ದೆ ಹೇಗೆ ಪಾಸಾಯಿತು? ತೆರಿಗೆ ಮತ್ತು ಕಾಯಂ ಯೋಜನೆಗಳ ಖರ್ಚಿಗೆ ಸಂಬಂಧಿಸಿದ ಮಸೂದೆಗೆ ಒಂದು ವಿಶೇಷ ದಾರಿ ಇದೆ. ಅಲ್ಲಿ ಸರಳ ಬಹುಮತ ಸಾಕು. ಆ ಕಾಯ್ದೆಗೆ ಸೆನೆಟ್‌ನಲ್ಲಿ 50-50 ಆದಾಗ ಉಪಾಧ್ಯಕ್ಷ ಜೆ.ಡಿ. ವ್ಯಾನ್ಸ್ ಮತ ಹಾಕಿ ಪಾಸ್ ಮಾಡಿಸಿದರು. ವರ್ಷವರ್ಷದ ಖರ್ಚಿನ ಮಸೂದೆಗಳನ್ನು ಮಾತ್ರ ಆ ದಾರಿಯಲ್ಲಿ ತರುವ ರೂಢಿಯಿಲ್ಲ. ಹೀಗಾಗಿ ಲಕ್ಷಾಂತರ ಕೋಟಿ ಡಾಲರ್‌ಗಳ ಕಾಯ್ದೆ ಒಂದೇ ಪಕ್ಷದ ಬಲದಲ್ಲಿ ಪಾಸಾಯಿತು, ಏಳು ವಾರದ ಖರ್ಚಿನ ಮಸೂದೆ ಸಿಕ್ಕಿಹಾಕಿಕೊಂಡಿತು.

ವಿರೋಧ ಪಕ್ಷದ ಕಡೆಯಿಂದ ಯೋಚಿಸಿದರೆ ವಿಷಯ ಇನ್ನೂ ಸ್ಪಷ್ಟ. ಅಧ್ಯಕ್ಷ ಸ್ಥಾನ ಇಲ್ಲ, ಎರಡೂ ಸದನ ಇಲ್ಲ. ಕೈಯಲ್ಲಿ ಉಳಿದಿರುವ ಒಂದೇ ಹಿಡಿತ ಈ ಮಸೂದೆ. 2025ರ ಮಾರ್ಚ್‌ನಲ್ಲಿ ಇಂಥದೇ ಗಡುವು ಬಂದಾಗ ಡೆಮಾಕ್ರಟಿಕ್ ನಾಯಕ ಚಕ್ ಶುಮರ್ ಶಟ್‌ಡೌನ್ ಬೇಡ ಅಂತ ದಾರಿ ಬಿಟ್ಟಿದ್ದರು. ಅದಕ್ಕೆ ಸ್ವಂತ ಪಕ್ಷದ ಕಾರ್ಯಕರ್ತರೇ ಕೆಂಡವಾದರು. ಅಕ್ಟೋಬರ್‌ನಲ್ಲಿ ಮತ್ತೆ ಸುಮ್ಮನೆ ದಾರಿ ಬಿಡುವ ಸ್ಥಿತಿಯಲ್ಲಿ ಅವರು ಇರಲಿಲ್ಲ.

ಜಗಳದ ಕೇಂದ್ರದಲ್ಲಿದ್ದ ವಿಮೆ ಕಂತು

ಡೆಮಾಕ್ರಟರ ಬೇಡಿಕೆ ಆರೋಗ್ಯ ವಿಮೆಯದು. ಕಂಪನಿ ಕಡೆಯಿಂದ ವಿಮೆ ಇಲ್ಲದವರು, ಅಂದರೆ ಸಣ್ಣ ಅಂಗಡಿಯವರು, ರೈತರು, ಸ್ವಂತ ಕೆಲಸ ಮಾಡುವವರು, 'ಒಬಾಮಕೇರ್' ಎಂದು ಕರೆಯುವ ವ್ಯವಸ್ಥೆಯಲ್ಲಿ ವಿಮೆ ಕೊಳ್ಳುತ್ತಾರೆ. ಅಂಥವರು ಸುಮಾರು 2.4 ಕೋಟಿ. ಕೋವಿಡ್ ಕಾಲದಲ್ಲಿ, 2021ರಲ್ಲಿ, ಅವರ ಕಂತಿಗೆ ಸರ್ಕಾರ ಕೊಡುವ ಸಬ್ಸಿಡಿಯನ್ನು ಹೆಚ್ಚಿಸಲಾಯಿತು. 2022ರ ಕಾಯ್ದೆ ಅದನ್ನು 2025ರ ಕೊನೆಯವರೆಗೆ ವಿಸ್ತರಿಸಿತ್ತು. ಅದನ್ನು ಮುಂದುವರಿಸಿದರೆ ಮಾತ್ರ ಖರ್ಚಿನ ಮಸೂದೆಗೆ ಮತ ಅಂದರು ಡೆಮಾಕ್ರಟರು.

ಇದು ಸಣ್ಣ ವಿಷಯ ಅಲ್ಲ. ಸಬ್ಸಿಡಿ ಪಡೆಯುವವರು ತಮ್ಮ ಜೇಬಿನಿಂದ ಕಟ್ಟುವ ಕಂತು ವರ್ಷಕ್ಕೆ ಸರಾಸರಿ 888 ಡಾಲರ್‌ನಿಂದ 1,904 ಡಾಲರ್‌ಗೆ ಏರುತ್ತದೆ ಅಂತ ಆರೋಗ್ಯ ನೀತಿ ಸಂಸ್ಥೆ ಕೆಎಫ್‌ಎಫ್ ಲೆಕ್ಕ ಹಾಕಿತ್ತು. ಅದಕ್ಕಿಂತ ದೊಡ್ಡ ಪೆಟ್ಟು ಮಧ್ಯಮ ವರ್ಗದ ಅಂಚಿನಲ್ಲಿರುವವರಿಗೆ. ವರ್ಷಕ್ಕೆ 62,600 ಡಾಲರ್‌ಗಿಂತ ಒಂದಿಷ್ಟು ಜಾಸ್ತಿ ದುಡಿಯುವ ಒಂಟಿ ವ್ಯಕ್ತಿಗೆ 2026ರಿಂದ ಸಬ್ಸಿಡಿ ಕಡಿಮೆಯಾಗುವುದಲ್ಲ, ಪೂರ್ತಿ ನಿಲ್ಲುತ್ತದೆ. ವಯಸ್ಸು ಅರವತ್ತರ ಹತ್ತಿರ ಇದ್ದು ಇನ್ನೂ ಹಿರಿಯರ ವಿಮೆ ಸಿಗದವರಿಗಂತೂ ಪೂರ್ತಿ ಕಂತು ಹೊರಲಾರದ ಹೊರೆ.

ರಿಪಬ್ಲಿಕನ್ನರ ವಾದವನ್ನೂ ಸರಿಯಾಗಿ ಕೇಳಬೇಕು. ಹೆಚ್ಚುವರಿ ಸಬ್ಸಿಡಿ ಕೋವಿಡ್‌ಗೆ ಅಂತ ತಂದದ್ದು, ಕೋವಿಡ್ ಮುಗಿದಿದೆ. ಕಾಯಂ ಮಾಡಿದರೆ ಹತ್ತು ವರ್ಷಕ್ಕೆ ಸುಮಾರು 35,000 ಕೋಟಿ ಡಾಲರ್ ಬೇಕು ಅಂತ ಸಂಸತ್ತಿನ ಬಜೆಟ್ ಕಚೇರಿಯೇ ಹೇಳಿದೆ. ಆ ಹಣ ಹೋಗುವುದು ವಿಮಾ ಕಂಪನಿಗಳಿಗೆ. ಎಲ್ಲಕ್ಕಿಂತ ಮುಖ್ಯವಾಗಿ, ತಾವು ತಂದದ್ದು ಯಾವ ಷರತ್ತೂ ಇಲ್ಲದ ಮಸೂದೆ. ಮೊದಲು ಸರ್ಕಾರ ತೆರೆಯಲಿ, ಆಮೇಲೆ ವಿಮೆಯ ಮಾತು. ಈ ಕೊನೆಯ ವಾದದಲ್ಲಿ ತೂಕ ಇದೆ. 2013ರಲ್ಲಿ ಒಬಾಮಕೇರ್ ನಿಲ್ಲಿಸಲು ರಿಪಬ್ಲಿಕನ್ನರೇ 16 ದಿನ ಸರ್ಕಾರ ಮುಚ್ಚಿಸಿದಾಗ ಡೆಮಾಕ್ರಟರು ಹೇಳಿದ್ದೂ ಇದನ್ನೇ.

ಆದರೆ ಜೊತೆಗೆ ಇನ್ನೊಂದು ಮಾತೂ ತೇಲಿಬಂತು: ಅಕ್ರಮ ವಲಸಿಗರಿಗೆ ಬಿಟ್ಟಿ ವಿಮೆ ಕೊಡಲು ಡೆಮಾಕ್ರಟರು ಹೊರಟಿದ್ದಾರೆ ಅಂತ. ಇದು ನಿಜವಲ್ಲ. ದಾಖಲೆ ಇಲ್ಲದ ವಲಸಿಗರಿಗೆ ಈ ಸಬ್ಸಿಡಿ ಕೊಡುವಂತೆಯೇ ಇಲ್ಲ ಅಂತ ಕಾನೂನಿನಲ್ಲೇ ಇದೆ.

ಮಾತಿನ ಮೇಲೆ ನಂಬಿಕೆ ಇರಲಿಲ್ಲ

'ಆಮೇಲೆ ಮಾತಾಡೋಣ' ಅನ್ನುವುದನ್ನು ಡೆಮಾಕ್ರಟರು ಯಾಕೆ ಒಪ್ಪಲಿಲ್ಲ? ಇದಕ್ಕೆ ಉತ್ತರ ಆ ವರ್ಷದ ಜುಲೈ-ಆಗಸ್ಟ್‌ನಲ್ಲಿದೆ. ಸಂಸತ್ತು ಆಗಲೇ ಒಪ್ಪಿದ್ದ ಖರ್ಚಿನಲ್ಲಿ ಸುಮಾರು 900 ಕೋಟಿ ಡಾಲರ್ ವಾಪಸ್ ಪಡೆಯುವ ಮಸೂದೆಯನ್ನು ಜುಲೈನಲ್ಲಿ ಸರಳ ಬಹುಮತದಿಂದ ಪಾಸ್ ಮಾಡಲಾಯಿತು. ವಿದೇಶಿ ನೆರವು, ಸಾರ್ವಜನಿಕ ರೇಡಿಯೊ ಮತ್ತು ಟಿವಿಗೆ ಕೊಟ್ಟಿದ್ದ ಹಣ ಹೋಯಿತು. ಆಗಸ್ಟ್ ಕೊನೆಗೆ ಇನ್ನೂ 490 ಕೋಟಿ ಡಾಲರ್ ವಿದೇಶಿ ನೆರವನ್ನು ರದ್ದು ಮಾಡಲು ಟ್ರಂಪ್ ಸರ್ಕಾರ ಹೊರಟಿತು. ಈ ಸಲ ಹಣಕಾಸು ವರ್ಷದ ಕೊನೆ ಎಷ್ಟು ಹತ್ತಿರ ಇತ್ತೆಂದರೆ, ಸಂಸತ್ತು ಏನೂ ಮಾಡದಿದ್ದರೂ ಆ ಹಣದ ಅವಧಿ ತಾನಾಗಿ ಮುಗಿದುಹೋಗುತ್ತಿತ್ತು.

ಲೆಕ್ಕ ಹೀಗಾಯಿತು. ಬಜೆಟ್ ಪಾಸ್ ಮಾಡಲು 60 ಮತ, ಅಂದರೆ ಎರಡೂ ಪಕ್ಷದ ಒಪ್ಪಂದ. ಆ ಒಪ್ಪಂದ ಮುರಿಯಲು 51 ಮತ ಸಾಕು, ಕೆಲವು ಸಲ ಅದೂ ಬೇಡ. ಕೊಟ್ಟ ಮಾತನ್ನು ಒಂದು ಕಡೆಯವರು ತಾವಾಗಿಯೇ ಹಿಂತೆಗೆದುಕೊಳ್ಳಬಹುದಾದರೆ ಇನ್ನೊಂದು ಕಡೆಯವರು ಯಾವ ಭರವಸೆಯ ಮೇಲೆ ಒಪ್ಪಬೇಕು? ವಿಮೆ ಸಬ್ಸಿಡಿಯ ಗದ್ದಲದಲ್ಲಿ ಇದು ಹೆಚ್ಚು ಸುದ್ದಿಯಾಗಲಿಲ್ಲ. ಆದರೆ ಮುಂದೆಯೂ ಕಾಡುವುದು ಇದೇ.

ಸಂಬಳದ ಚೀಟಿಯಲ್ಲಿ ಸೊನ್ನೆ

ಶಟ್‌ಡೌನ್‌ನಲ್ಲಿ ನೌಕರರು ಎರಡು ಗುಂಪಾಗುತ್ತಾರೆ. ಒಂದು ಗುಂಪಿಗೆ ಮನೆಗೆ ಹೋಗಿ ಅನ್ನುತ್ತಾರೆ. ಇನ್ನೊಂದು ಗುಂಪಿನದು 'ಅಗತ್ಯ' ಕೆಲಸ, ಅವರು ಸಂಬಳ ಇಲ್ಲದೆ ದುಡಿಯಬೇಕು. ಎರಡೂ ಸೇರಿ ಸುಮಾರು 14 ಲಕ್ಷ ಜನಕ್ಕೆ ಸಂಬಳ ನಿಂತಿತು. 2019ರ ಕಾಯ್ದೆಯಂತೆ ಬಾಕಿ ಸಂಬಳ ಆಮೇಲೆ ಕೊಡಬೇಕು. ಆದರೆ ಮನೆಗೆ ಕಳಿಸಿದವರಿಗೆ ಅದು ಖಚಿತವಲ್ಲ ಎಂಬ ಮಾತು ಶ್ವೇತಭವನದ ಕಡೆಯಿಂದಲೇ ಅಕ್ಟೋಬರ್‌ನಲ್ಲಿ ಬಂದು ಜನ ಇನ್ನಷ್ಟು ಗಾಬರಿಯಾದರು.

ವಿಮಾನ ಸಂಚಾರ ನಿಯಂತ್ರಕರ ಕಥೆ ನೋಡಿ. ಇಡೀ ದೇಶಕ್ಕೆ ಅವರು ಸುಮಾರು 13,000. ಮೊದಲೇ ಜನ ಕಡಿಮೆ, ವಾರಕ್ಕೆ ಆರು ದಿನ ದುಡಿಯುವವರೂ ಇದ್ದಾರೆ. ಅಕ್ಟೋಬರ್ 28ಕ್ಕೆ ಬಂದ ಸಂಬಳದ ಚೀಟಿಯಲ್ಲಿ ಸೊನ್ನೆ ಇತ್ತು. ಬಾಡಿಗೆ, ಮಕ್ಕಳ ಡೇಕೇರ್, ಕಾರಿನ ಕಂತು ಯಾವುದೂ ನಿಲ್ಲುವುದಿಲ್ಲವಲ್ಲ. ಕೆಲವರು ಕೆಲಸ ಮುಗಿಸಿ ಊಟ ತಲುಪಿಸುವ ಆ್ಯಪ್‌ಗಳಲ್ಲಿ ದುಡಿದರು, ಕೆಲವರು ರಜೆ ಹಾಕಿದರು. ಗೋಪುರದಲ್ಲಿ ಜನ ಕಡಿಮೆಯಾದರೆ ವಿಮಾನಗಳ ನಡುವಿನ ಅಂತರ ಹೆಚ್ಚಿಸಬೇಕು, ಅಂದರೆ ಹಾರಾಟ ಕಡಿಮೆ ಮಾಡಬೇಕು. ನವೆಂಬರ್ 7ರಿಂದ 40 ದೊಡ್ಡ ವಿಮಾನ ನಿಲ್ದಾಣಗಳಲ್ಲಿ ಹಾರಾಟ ಕಡಿತ ಮಾಡಲು ಸರ್ಕಾರವೇ ಆದೇಶಿಸಿತು.

ಇನ್ನೊಂದು ಕಡೆ, ನವೆಂಬರ್ 1ಕ್ಕೆ ಬಡವರ ಆಹಾರ ನೆರವಿನ ಕಾರ್ಡ್‌ಗಳಿಗೆ ಹಣ ಜಮೆಯಾಗಲಿಲ್ಲ. ಆ ಕಾರ್ಡ್ ನಂಬಿಕೊಂಡವರು ಸುಮಾರು 4.2 ಕೋಟಿ ಜನ, ಅಂದರೆ ಎಂಟು ಜನರಲ್ಲಿ ಒಬ್ಬರು. ತುರ್ತು ನಿಧಿಯಿಂದ ಕೊಡಿ ಅಂತ ನ್ಯಾಯಾಲಯಗಳು ಹೇಳಿದವು, ಸರ್ಕಾರ ಮೇಲ್ಮನವಿ ಹಾಕಿತು. ವ್ಯಾಜ್ಯ ಸುಪ್ರೀಂ ಕೋರ್ಟ್‌ವರೆಗೆ ಹೋಯಿತು. ಕೆಲವು ರಾಜ್ಯಗಳಲ್ಲಿ ಹಣ ಬಂತು, ಕೆಲವು ಕಡೆ ಅರ್ಧ, ಕೆಲವು ಕಡೆ ಏನೂ ಇಲ್ಲ. ಬಜೆಟ್ ಜಗಳದಲ್ಲಿ ಇವರು ಯಾರ ಕಡೆಯೂ ಇರಲಿಲ್ಲ. ಇವರ ಕಷ್ಟವನ್ನು ಚೌಕಾಸಿಯ ಸರಕು ಮಾಡಿಕೊಂಡದ್ದು ಈ ಇಡೀ ಪ್ರಸಂಗದಲ್ಲಿ ಅತ್ಯಂತ ಅನ್ಯಾಯದ ಭಾಗ.

ಕನ್ನಡಿಗರಿಗೂ ತಟ್ಟಿತು

ಅಮೆರಿಕದಲ್ಲಿ ಎಚ್-1ಬಿ ವೀಸಾದ ಮೇಲೆ ಇರುವ ನಮ್ಮವರಿಗೆ ಇದು ದೂರದ ಸುದ್ದಿ ಆಗಿರಲಿಲ್ಲ. ವೀಸಾ ಅರ್ಜಿ ನೋಡುವ ವಲಸೆ ಇಲಾಖೆ ಅರ್ಜಿ ಶುಲ್ಕದ ಮೇಲೆ ನಡೆಯುವುದರಿಂದ ತೆರೆದೇ ಇತ್ತು. ಆದರೆ ಕಂಪನಿ ಕೆಲಸ ಬದಲಾದರೆ ಅಥವಾ ವೀಸಾ ವಿಸ್ತರಿಸಬೇಕಾದರೆ ಮೊದಲು ಕಾರ್ಮಿಕ ಇಲಾಖೆಯಿಂದ ಎಲ್‌ಸಿಎ ಎಂಬ ಒಪ್ಪಿಗೆ ಪತ್ರ ಬೇಕು. ಸಾಮಾನ್ಯವಾಗಿ ಏಳು ಕೆಲಸದ ದಿನಗಳಲ್ಲಿ ಅದು ಬರುತ್ತದೆ. ಕಾರ್ಮಿಕ ಇಲಾಖೆ ನಡೆಯುವುದು ಸಂಸತ್ತು ಕೊಡುವ ಹಣದ ಮೇಲೆ. ಅಕ್ಟೋಬರ್ 1ಕ್ಕೆ ಅದು ನಿಂತಿತು, ಮತ್ತೆ ಶುರುವಾಗಿದ್ದು ಆ ತಿಂಗಳ ಕೊನೆಗೆ.

ಕೆಲಸ ಕಳೆದುಕೊಂಡ ಎಚ್-1ಬಿ ನೌಕರರಿಗೆ ಹೊಸ ಕಂಪನಿ ಹುಡುಕಿ ಅರ್ಜಿ ಹಾಕಿಸಲು ಸಿಗುವುದು ಗರಿಷ್ಠ 60 ದಿನ. ಆ ಅರವತ್ತರಲ್ಲಿ ಮೂವತ್ತು ದಿನ ಕಾರ್ಮಿಕ ಇಲಾಖೆಯ ವೆಬ್‌ಸೈಟೇ ಅರ್ಜಿ ತೆಗೆದುಕೊಳ್ಳದಿದ್ದರೆ? ಕೈಯಲ್ಲಿ ಹೊಸ ಆಫರ್ ಇದ್ದೂ ದಿನ ಎಣಿಸುವ ಪಾಡು. ಗ್ರೀನ್ ಕಾರ್ಡ್‌ನ ಮೊದಲ ಹಂತವೂ ಇದೇ ಇಲಾಖೆಯಲ್ಲಿ ಆಗುವುದರಿಂದ ಆ ಸಾಲೂ ಹಿಂದೆ ಬಿತ್ತು.

ನಮ್ಮಲ್ಲಿ ಯಾಕೆ ಹೀಗಾಗುವುದಿಲ್ಲ?

ನಿಯಮ ನಮ್ಮಲ್ಲೂ ಅದೇ. ಕಾನೂನಿನ ಒಪ್ಪಿಗೆ ಇಲ್ಲದೆ ಸಂಚಿತ ನಿಧಿಯಿಂದ ಒಂದು ರೂಪಾಯಿಯನ್ನೂ ತೆಗೆಯುವಂತಿಲ್ಲ ಅಂತ ಸಂವಿಧಾನದ 114ನೇ ವಿಧಿ ಹೇಳುತ್ತದೆ. ವ್ಯತ್ಯಾಸ ಇರುವುದು ಬೇರೆ ಕಡೆ. ಲೋಕಸಭೆಯಲ್ಲಿ ಬಜೆಟ್ ಮೇಲಿನ ಮತ ಸೋತರೆ ಸರ್ಕಾರವೇ ಹೋಗುತ್ತದೆ. ಹಾಗಾಗಿ ಆಡಳಿತ ಪಕ್ಷ ವಿಪ್ ಕೊಟ್ಟು ಎಲ್ಲರನ್ನೂ ಕೂರಿಸುತ್ತದೆ. ವಿಪ್ ಮುರಿದರೆ 1985ರ ಪಕ್ಷಾಂತರ ನಿಷೇಧ ಕಾಯ್ದೆಯಡಿ ಸದಸ್ಯತ್ವಕ್ಕೇ ಕುತ್ತು. ರಾಜ್ಯಸಭೆ ಧನ ಮಸೂದೆಯನ್ನು 14 ದಿನ ಇಟ್ಟುಕೊಳ್ಳಬಹುದು, ತಡೆಯಲಾಗದು. ಸಮಯ ಸಾಲದಿದ್ದರೆ ಕೆಲವು ತಿಂಗಳ ಖರ್ಚಿಗೆ ಮುಂಗಡ ಒಪ್ಪಿಗೆ ಕೊಡುವ ಲೇಖಾನುದಾನ ಇದೆ. ಅಮೆರಿಕದಲ್ಲಿ ಅಧ್ಯಕ್ಷರ ನಾಲ್ಕು ವರ್ಷ ಖಚಿತ. ಬಜೆಟ್ ಬಿದ್ದರೂ ಅವರು ಬೀಳುವುದಿಲ್ಲ, ಚುನಾವಣೆಯೂ ಬರುವುದಿಲ್ಲ. ಬಿಕ್ಕಟ್ಟನ್ನು ಮುಗಿಸುವ ದಾರಿ ಅವರ ವ್ಯವಸ್ಥೆಯಲ್ಲೇ ಇಲ್ಲ.

ಕರ್ನಾಟಕ ಒಮ್ಮೆ ಈ ಅಂಚಿನ ಹತ್ತಿರ ಹೋಗಿತ್ತು. 2019ರ ಜುಲೈ 23ರಂದು ಕುಮಾರಸ್ವಾಮಿ ಸರ್ಕಾರ 99-105 ಮತಗಳಿಂದ ಬಿತ್ತು. ಖರ್ಚಿಗೆ ಇದ್ದ ಒಪ್ಪಿಗೆ ಜುಲೈ 31ಕ್ಕೆ ಮುಗಿಯುತ್ತಿತ್ತು. ಅದರೊಳಗೆ ಸದನದ ಒಪ್ಪಿಗೆ ಸಿಗದಿದ್ದರೆ ಸಂಬಳ ಕೊಡಲೂ ಆಗುವುದಿಲ್ಲ ಎಂಬ ಆತಂಕ ಇತ್ತು. 26ಕ್ಕೆ ಪ್ರಮಾಣವಚನ ಸ್ವೀಕರಿಸಿದ ಯಡಿಯೂರಪ್ಪ 29ಕ್ಕೆ ವಿಶ್ವಾಸಮತ ಗೆದ್ದು, ಅದೇ ದಿನ ಖರ್ಚಿಗೂ ಒಪ್ಪಿಗೆ ಪಡೆದರು. ಸರ್ಕಾರ ಬದಲಾಗಬಹುದು ಅನ್ನುವುದೇ ಇಲ್ಲಿ ಗಂಟು ಬಿಡಿಸಿತು.

ಇದಕ್ಕೆ ನಾವು ತೆರುವ ಬೆಲೆಯೂ ಇದೆ. 2023ರ ಮಾರ್ಚ್‌ನಲ್ಲಿ ಗದ್ದಲದ ನಡುವೆ ಸುಮಾರು 45 ಲಕ್ಷ ಕೋಟಿ ರೂಪಾಯಿ ಖರ್ಚಿಗೆ ಲೋಕಸಭೆ ಚರ್ಚೆಯೇ ಇಲ್ಲದೆ ನಿಮಿಷಗಳಲ್ಲಿ ಒಪ್ಪಿಗೆ ಕೊಟ್ಟಿತು. ನಮ್ಮ ಸರ್ಕಾರ ನಿಲ್ಲುವುದಿಲ್ಲ ನಿಜ, ಆದರೆ ವಿರೋಧ ಪಕ್ಷ ಒಂದು ಸಾಲನ್ನೂ ಬದಲಿಸಲಾರದು.

ಯಾರಿಗೆ ಏನು ಸಿಕ್ಕಿತು?

ನವೆಂಬರ್ 4ರ ಚುನಾವಣೆಗಳಲ್ಲಿ ಡೆಮಾಕ್ರಟರು ವರ್ಜಿನಿಯಾ, ನ್ಯೂಜೆರ್ಸಿ ಗವರ್ನರ್ ಸ್ಥಾನಗಳನ್ನು ಗೆದ್ದರು. ಶಟ್‌ಡೌನ್‌ನಿಂದ ತಮ್ಮ ಪಕ್ಷಕ್ಕೆ ಪೆಟ್ಟು ಬಿತ್ತು ಅಂತ ಟ್ರಂಪ್ ಅವರೇ ಹೇಳಿದರು, ಫಿಲಿಬಸ್ಟರ್ ತೆಗೆದುಹಾಕಿ ಅಂತ ಒತ್ತಾಯಿಸಿದರು. ಸೆನೆಟ್ ನಾಯಕ ಜಾನ್ ಥೂನ್ ಒಪ್ಪಲಿಲ್ಲ. ನಾಳೆ ತಾವು ವಿರೋಧ ಪಕ್ಷದಲ್ಲಿ ಕೂತಾಗ ಅದೇ ನಿಯಮ ಬೇಕಾಗುತ್ತದೆ ಅಂತ ಅನೇಕ ರಿಪಬ್ಲಿಕನ್ ಸೆನೆಟರ್‌ಗಳಿಗೆ ಗೊತ್ತಿತ್ತು.

ಕೊನೆಗೆ ಮಣಿದದ್ದು ಡೆಮಾಕ್ರಟರ ಬಣದ ಎಂಟು ಸೆನೆಟರ್‌ಗಳು. ರಿಪಬ್ಲಿಕನ್ನರಲ್ಲಿ ರ‍್ಯಾಂಡ್ ಪಾಲ್ ಒಬ್ಬರು ವಿರೋಧಿಸಿದ್ದರಿಂದ 52, ಈ ಎಂಟು ಸೇರಿ ಸರಿಯಾಗಿ 60. ಒಪ್ಪಂದ ಇಷ್ಟು: ಹೆಚ್ಚಿನ ಇಲಾಖೆಗಳಿಗೆ ಜನವರಿ 30ರವರೆಗೆ ಹಣ, ಆಹಾರ ನೆರವಿಗೆ ಇಡೀ ವರ್ಷದ ಹಣ, ಶಟ್‌ಡೌನ್ ವೇಳೆ ತೆಗೆದುಹಾಕಿದ ನೌಕರರು ವಾಪಸ್, ಬಾಕಿ ಸಂಬಳ. ವಿಮೆ ಸಬ್ಸಿಡಿಗೆ ಸಿಕ್ಕಿದ್ದು ಡಿಸೆಂಬರ್‌ನಲ್ಲಿ ಮತಕ್ಕೆ ಹಾಕುತ್ತೇವೆ ಎಂಬ ಮಾತು ಮಾತ್ರ. ಡಿಸೆಂಬರ್ 11ಕ್ಕೆ ಮತಕ್ಕೆ ಹಾಕಿದರು. ಪರವಾಗಿ 51 ಬಂತು, ಬೇಕಿದ್ದದ್ದು 60. ವರ್ಷದ ಕೊನೆಗೆ ಹೆಚ್ಚುವರಿ ಸಬ್ಸಿಡಿ ಮುಗಿಯಿತು.

2018-19ರಲ್ಲಿ ಗಡಿ ಗೋಡೆಗೆ 570 ಕೋಟಿ ಡಾಲರ್ ಕೇಳಿ ಟ್ರಂಪ್ 35 ದಿನ ಹಟ ಹಿಡಿದಾಗ ಕೊನೆಗೆ ಸಂಸತ್ತು ಕೊಟ್ಟದ್ದು 137.5 ಕೋಟಿ. 2013ರಲ್ಲಿ ಒಬಾಮಕೇರ್ ನಿಲ್ಲಲಿಲ್ಲ. ಶಟ್‌ಡೌನ್ ಮಾಡಿಸಿದವರಿಗೆ ಕೇಳಿದ್ದು ಸಿಕ್ಕ ಉದಾಹರಣೆ ಹುಡುಕುವುದೇ ಕಷ್ಟ. ಹಾಗಿದ್ದೂ ಮತ್ತೆ ಮತ್ತೆ ಮಾಡುತ್ತಾರೆ ಅಂದರೆ, ಬೇಡಿಕೆಗಿಂತ ಮುಖ್ಯವಾದ ಬೇರೆ ಲಾಭ ಇದೆ ಅಂತ ಅರ್ಥ. 2025ರಲ್ಲಿ ವಿಮೆ ಕಂತಿನ ವಿಷಯ ದೇಶದ ಮನೆಮನೆಯ ಮಾತಾಯಿತು. ಜನವರಿಯಲ್ಲಿ ಹೆಚ್ಚಿನ ಕಂತಿನ ಬಿಲ್ ಬಂದಾಗ ಯಾರನ್ನು ದೂರಬೇಕು ಅಂತ ಮತದಾರರಿಗೆ ಮೊದಲೇ ಹೇಳಿ ಆಗಿತ್ತು. ಇದರ ಖರ್ಚು ಮಾತ್ರ ದೇಶದ್ದು. ಆರು ವಾರದ ಶಟ್‌ಡೌನ್‌ನಿಂದ ಸುಮಾರು 1,100 ಕೋಟಿ ಡಾಲರ್‌ನಷ್ಟು ಉತ್ಪಾದನೆ ಶಾಶ್ವತವಾಗಿ ನಷ್ಟ ಅಂತ ಸಂಸತ್ತಿನ ಬಜೆಟ್ ಕಚೇರಿ ಅಂದಾಜು ಮಾಡಿತ್ತು. ಅಕ್ಟೋಬರ್ ತಿಂಗಳ ನಿರುದ್ಯೋಗ ದರವನ್ನು ಲೆಕ್ಕ ಹಾಕಲು ಸಮೀಕ್ಷೆಯೇ ನಡೆಯದ ಕಾರಣ ಆ ಅಂಕಿ ಎಂದಿಗೂ ಸಿಗುವುದಿಲ್ಲ.

ಮುಂದೇನು?

ಜನವರಿ ಕೊನೆಯ ಜಗಳದ ವಿಷಯ ವಿಮೆ ಅಲ್ಲ. ಮಿನ್ನಿಯಾಪೊಲಿಸ್‌ನಲ್ಲಿ ಕೇಂದ್ರದ ವಲಸೆ ಕಾರ್ಯಾಚರಣೆ ವೇಳೆ ಇಬ್ಬರು ಅಮೆರಿಕನ್ ನಾಗರಿಕರು ಗುಂಡಿಗೆ ಬಲಿಯಾದ ಮೇಲೆ, ವಲಸೆ ಅಧಿಕಾರಿಗಳಿಗೆ ಕಡಿವಾಣ ಹಾಕದೆ ಗೃಹ ಭದ್ರತಾ ಇಲಾಖೆಗೆ ಹಣ ಕೊಡುವುದಿಲ್ಲ ಅಂತ ಡೆಮಾಕ್ರಟರು ನಿಂತರು. ಬೇಡಿಕೆ ಬದಲಾಯಿತು, ಹಿಡಿತ ಅದೇ.

ಇದನ್ನು ತಪ್ಪಿಸುವುದು ಅಸಾಧ್ಯವೇನಲ್ಲ. ಬಜೆಟ್ ತಡವಾದರೆ ಹಳೆಯ ಮಟ್ಟದಲ್ಲೇ ಖರ್ಚು ತಾನಾಗಿ ಮುಂದುವರಿಯಲಿ ಎಂಬ ಮಸೂದೆಗಳು ಎರಡೂ ಪಕ್ಷಗಳಿಂದ ಎಷ್ಟೋ ಸಲ ಬಂದಿವೆ. ಪಾಸಾಗಿಲ್ಲ. ವಿರೋಧ ಪಕ್ಷಕ್ಕೆ ತನ್ನ ಹಿಡಿತ ಹೋಗುತ್ತದೆ ಎಂಬ ಭಯ. ಖರ್ಚಿನ ಸಮಿತಿಗಳಲ್ಲಿ ಕೂತವರಿಗೆ, ಹಳೆಯ ಖರ್ಚೇ ತಾನಾಗಿ ನಡೆದರೆ ಹೊಸ ಬಜೆಟ್ ಮಾಡುವ ತುರ್ತು ಯಾರಿಗೂ ಇರುವುದಿಲ್ಲ ಎಂಬ ಅಳುಕು. ಕನಿಷ್ಠ ವಿಮಾನ ನಿಯಂತ್ರಕರ ಸಂಬಳ ಮತ್ತು ಆಹಾರ ನೆರವನ್ನಾದರೂ ಈ ಜಗಳದಿಂದ ಹೊರಗಿಡುವುದಕ್ಕೆ ಇಷ್ಟು ದೊಡ್ಡ ಆಕ್ಷೇಪ ಇರಲಾರದು. ಮೊದಲ ಹೆಜ್ಜೆ ಅಲ್ಲಿಂದ ಇಡಬಹುದು.

ಈ ಹಣಕಾಸು ವರ್ಷ ಮುಗಿಯುವುದು 2026ರ ಸೆಪ್ಟೆಂಬರ್ 30ಕ್ಕೆ. ಸಂಸತ್ತಿನ ಮಧ್ಯಂತರ ಚುನಾವಣೆ ನವೆಂಬರ್ 3ಕ್ಕೆ. ನಡುವೆ ಐದು ವಾರವೂ ಇಲ್ಲ. ಸಂಸತ್ತಿನ ಕೆಳಮನೆಯಾದ ಹೌಸ್‌ನ ಎಲ್ಲ 435 ಸ್ಥಾನಗಳಿಗೂ ಮತದಾನ ಎದುರಿರುವಾಗ ಯಾವ ಪಕ್ಷವೂ ಮೊದಲು ಮಣಿದಂತೆ ಕಾಣಲು ಬಯಸುವುದಿಲ್ಲ. ಅಮೆರಿಕದಲ್ಲಿ ಕಂಪನಿ ಬದಲಿಸುವ ಅಥವಾ ವೀಸಾ ವಿಸ್ತರಿಸುವ ಯೋಚನೆ ಇರುವವರು ಎಲ್‌ಸಿಎ ಅರ್ಜಿಯನ್ನು ಸೆಪ್ಟೆಂಬರ್ ಮಧ್ಯದೊಳಗೆ ಹಾಕಿಸಿಕೊಳ್ಳುವುದು ಒಳ್ಳೆಯದು.